ತೊಂಬತ್ತು ಸೆಕೆಂಡಿನ ರೊಟ್ಟಿ

ಇಟಲಿ ದೇಶದ ನೇಪಲ್ಸ್ ನಗರದವರು ತಮ್ಮ ಪಿಜ್ಜಾದ ವಿಷಯದಲ್ಲಿ ಬಹು ಕಟ್ಟುನಿಟ್ಟಿನವರು. 1984ರಲ್ಲಿ ಅವರು ಅದಕ್ಕಾಗಿಯೇ ಒಂದು ಸಂಘವನ್ನು ಕಟ್ಟಿ ನಿಯಮಾವಳಿಯನ್ನು ರಚಿಸಿದರು. 2010ರಲ್ಲಿ ಐರೋಪ್ಯ ಒಕ್ಕೂಟವು ಆ ಬಗೆಯ ಪಿಜ್ಜಾಕ್ಕೆ ಕಾನೂನಿನ ಮನ್ನಣೆ ನೀಡಿತು. 2017ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ತಟ್ಟಿ ಬೇಯಿಸುವವರ ಕಲೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಿಯಮದಂತೆ ಪಿಜ್ಜಾದ ವ್ಯಾಸ 35 ಸೆಂಟಿಮೀಟರನ್ನು ಮೀರಕೂಡದು. ನಡುವಿನ ದಪ್ಪ ಸುಮಾರು 4 ಮಿಲಿಮೀಟರು. ಬೇಯುವ ಕಾಲ 60ರಿಂದ 90 ಸೆಕೆಂಡು. ಸೌದೆ ಉರಿಯುವ ಭಟ್ಟಿಯ ಉಷ್ಣತೆ ಸುಮಾರು 430ರಿಂದ 485 ಡಿಗ್ರಿ ಸೆಲ್ಸಿಯಸ್.

ಭೌತವಿಜ್ಞಾನದ ವಿದ್ಯಾರ್ಥಿಯು ಈ ಕೊನೆಯ ಅಂಕಿಯ ಬಳಿ ಒಂದು ಕ್ಷಣ ನಿಲ್ಲಬೇಕು. ಸೀಸವು 327 ಡಿಗ್ರಿಯಲ್ಲಿಯೂ ಸತುವು 420 ಡಿಗ್ರಿಯಲ್ಲಿಯೂ ಕರಗಿ ಹರಿಯುತ್ತವೆ. ಅಂತಹ ಕಾವಿನಲ್ಲಿ ಮೈದಾ ಹಿಟ್ಟಿನ ತೆಳುವಾದ ಹಾಳೆಯೊಂದು ಕರಿಕಲಾಗದೆ ಮೃದುವಾಗಿಯೇ ಹೊರಬರುವುದು ಹೇಗೆ?

ಬೆಂಗಳೂರಿನಲ್ಲಿಯೂ ಈಗ ಇಂತಹ ಭಟ್ಟಿಗಳನ್ನಿಟ್ಟ ಉಪಾಹಾರಗೃಹಗಳುಂಟು. ಅಂತಹ ಒಂದರಲ್ಲಿ ಗಡಿಯಾರ ಹಿಡಿದು ನೋಡಿದೆ. ಎಂಬತ್ತು ಸೆಕೆಂಡುಗಳಲ್ಲಿ ಪಿಜ್ಜಾ ಹೊರಬಂದಿತು. ಅಂಚು ಉಬ್ಬಿ, ಅಲ್ಲಲ್ಲಿ ಚಿರತೆಯ ಮೈಯಂತೆ ಕಪ್ಪು ಚುಕ್ಕೆಗಳು. ನಡುಭಾಗವೋ ಎತ್ತಿದರೆ ಬಾಗುವಷ್ಟು ಮೆತ್ತಗೆ. ಪಕ್ಕದ ಮೇಜಿನವರು ತಮ್ಮದನ್ನು “ಇದು ಬೆಂದೇ ಇಲ್ಲ” ಎಂದು ಹಿಂದಕ್ಕೆ ಕಳುಹಿಸಿದರು.

ಅವರ ದೂರನ್ನು ವಿಚಾರಿಸುವ ಮೊದಲು ಭಟ್ಟಿಯ ನೆಲವನ್ನು ನೋಡೋಣ. ಬಿಸಿಲಿನಲ್ಲಿ ಬಿದ್ದಿರುವ ಕಬ್ಬಿಣದ ಸಲಾಕೆಯನ್ನೂ ಅದರ ಪಕ್ಕದ ಹೆಂಚಿನ ಚೂರನ್ನೂ ಮುಟ್ಟಿರಿ. ಎರಡರ ಉಷ್ಣತೆ ಒಂದೇ ಆಗಿದ್ದರೂ ಕಬ್ಬಿಣವೇ ಹೆಚ್ಚು ಸುಡುತ್ತದೆ. ಎರಡು ವಸ್ತುಗಳು ಒಂದನ್ನೊಂದು ತಾಕಿದಾಗ ಅವುಗಳ ನಡುವಣ ಮೇಲ್ಮೈಯ ಉಷ್ಣತೆಯು ಎರಡರ ಸರಾಸರಿಯಾಗಿರುವುದಿಲ್ಲ. ಯಾವುದು ಶಾಖವನ್ನು ಚುರುಕಾಗಿ ಒದಗಿಸಬಲ್ಲುದೋ ಅದರ ಕಡೆಗೆ ವಾಲುತ್ತದೆ. ಶಾಖವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರರ ಗುಣಲಬ್ಧದ ವರ್ಗಮೂಲವೇ ಆ ಚುರುಕಿನ ಅಳತೆ. ಕಣಕದ ಅಳತೆಯನ್ನು 1 ಎಂದಿಟ್ಟುಕೊಂಡರೆ ಇಟ್ಟಿಗೆಯದು ಸುಮಾರು ಒಂದೂಕಾಲರಿಂದ ಒಂದೂವರೆ, ಉಕ್ಕಿನದು ಎಂಟು. ಆದ್ದರಿಂದ 330 ಡಿಗ್ರಿಯ ಇಟ್ಟಿಗೆಯ ಮೇಲೆ 20 ಡಿಗ್ರಿಯ ಕಣಕವನ್ನು ಹಾಸಿದರೆ ತಾಕುವ ಸ್ಥಳದ ಉಷ್ಣತೆ ಸುಮಾರು 200 ಡಿಗ್ರಿ ಮಾತ್ರ. ಅದೇ ಉಷ್ಣತೆಯ ಉಕ್ಕಿನ ಮೇಲಾದರೆ 300ರ ಸಮೀಪ; ತಳ ಸೀದು ಹೋಗುವುದು ನಿಶ್ಚಯ. ನೇಪಲ್ಸಿನವರು ಇನ್ನೂ ಮುಂದೆ ಹೋಗಿ, ಭಟ್ಟಿಯ ನೆಲಕ್ಕೆ ಸೊರೆಂಟೊ ಸೀಮೆಯ ರಂಧ್ರಮಯವಾದ ಜೇಡಿಮಣ್ಣಿನ ಬಿಲ್ಲೆಗಳನ್ನು ಬಳಸುತ್ತಾರೆ. ಅದು ಶಾಖವನ್ನು ಮತ್ತಷ್ಟು ಜಿಪುಣತನದಿಂದ ಬಿಟ್ಟುಕೊಡುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಮಣ್ಣಿನ ಓಡಿನ ಮೇಲೆ ದೋಸೆ ಹುಯ್ಯುವವರಿಗೆ ಈ ಗುಣವನ್ನು ವಿವರಿಸಬೇಕಾದುದಿಲ್ಲ.

ಮೇಲುಭಾಗವನ್ನು ಬೇಯಿಸುವುದು ಮುಖ್ಯವಾಗಿ ಕಮಾನಿನಿಂದಲೂ ಜ್ವಾಲೆಯಿಂದಲೂ ಬರುವ ವಿಕಿರಣ. ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮದ ಪ್ರಕಾರ ಇದು ಕೆಲ್ವಿನ್ ಮಾನದ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 477 ಡಿಗ್ರಿ ಸೆಲ್ಸಿಯಸ್ ಎಂದರೆ 750 ಕೆಲ್ವಿನ್; ಮನೆಯ ಓವನ್ನಿನ 250 ಡಿಗ್ರಿ ಎಂದರೆ 523 ಕೆಲ್ವಿನ್. ಅನುಪಾತ ಒಂದೂವರೆಯನ್ನೂ ಮುಟ್ಟುವುದಿಲ್ಲ. ಆದರೆ ನಾಲ್ಕನೆಯ ಘಾತಕ್ಕೇರಿಸಿದರೆ ನಾಲ್ಕು ಪಟ್ಟಿಗೂ ಹೆಚ್ಚು! ಭಟ್ಟಿಯಲ್ಲಿ ಒಂದೂವರೆ ನಿಮಿಷದಲ್ಲಿ ದೊರೆಯುವ ವಿಕಿರಣವು ಓವನ್ನಿನಲ್ಲಿ ದೊರೆಯಲು ಆರು ನಿಮಿಷಕ್ಕೂ ಮಿಗಿಲಾಗಿ ಬೇಕು. ಅಷ್ಟರಲ್ಲಿ ಕಣಕದ ನೀರು ಆರಿ ರೊಟ್ಟಿ ಬಿಸ್ಕತ್ತಾಗುತ್ತದೆ.

ನೀರೇ ಇಲ್ಲಿ ಕಾವಲುಗಾರ. ಒಂದು ಗ್ರಾಂ ನೀರು ಕುದಿದು ಆವಿಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಹೀರುತ್ತದೆ. ತೇವವಿರುವವರೆಗೆ ಒಳಭಾಗ 100 ಡಿಗ್ರಿಯನ್ನು ದಾಟಲಾರದು. ಅಂಚಿನ ಗುಳ್ಳೆಗಳ ತೆಳುಪೊರೆಯಲ್ಲಿ ನೀರು ಅತ್ಯಲ್ಪ. ಅವು ಬೇಗ ಒಣಗಿ ಕಪ್ಪಾಗುತ್ತವೆ. ಕಪ್ಪಾದದ್ದು ವಿಕಿರಣವನ್ನು ಇನ್ನೂ ಹೆಚ್ಚಾಗಿ ಹೀರುತ್ತದೆ. ಚಿರತೆಯ ಚುಕ್ಕೆಗಳ ಗುಟ್ಟು ಇದೇ. ಇನ್ನು ಪಕ್ಕದ ಮೇಜಿನವರ ದೂರು: ಗೋಧಿಯ ಪಿಷ್ಟವು ನೀರು ಹೀರಿ ಬೇಯಲು 80 ಡಿಗ್ರಿ ಸಾಕು. ಅಂಚು ಚೆನ್ನಾಗಿ ಉಬ್ಬಿ ತಳ ಕಂದು ಬಣ್ಣಕ್ಕೆ ತಿರುಗಿದ್ದರೆ ನಡುವಿನ ಮೆದುತನ ಹಸಿತನವಲ್ಲ; ಅದು ಉಳಿದುಕೊಂಡ ತೇವ. ಅದನ್ನು ಇಷ್ಟಪಡುವುದು ಬಿಡುವುದು ನಾಲಗೆಗೆ ಸೇರಿದ್ದು.

ಸೌದೆಯಿಲ್ಲದೆ ಪಿಜ್ಜಾ ಇಲ್ಲವೆಂಬ ಹಟವನ್ನು ನಾನು ಒಪ್ಪಲಾರೆ. ಭೌತವಿಜ್ಞಾನಿಗಳಾದ ಆಂದ್ರೆ ವಾರ್ಲಮೊವ್ ಮತ್ತು ಆಂಡ್ರಿಯಾಸ್ ಗ್ಲಾಟ್ಸ್, ಆಹಾರ ಮಾನವಶಾಸ್ತ್ರಜ್ಞ ಸೆರ್ಜಿಯೊ ಗ್ರಾಸೊ ಅವರೊಡನೆ 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೋಮಿನ ಪಿಜ್ಜಾವನ್ನು ಲೆಕ್ಕಕ್ಕೆ ತೆಗೆದುಕೊಂಡರು. 330 ಡಿಗ್ರಿಯ ಇಟ್ಟಿಗೆಯ ಭಟ್ಟಿಯಲ್ಲಿ ಎರಡು ನಿಮಿಷಕ್ಕೆ ಬೇಯುವುದು, ಉಕ್ಕಿನ ತಳದ ವಿದ್ಯುತ್ ಓವನ್ನಿನಲ್ಲಿ 230 ಡಿಗ್ರಿಗೆ ಸುಮಾರು 170 ಸೆಕೆಂಡುಗಳಲ್ಲಿ ಬೇಯುವುದೆಂದು ಅವರ ಗಣನೆ. ರುಚಿ ತದ್ವತ್ತಾಗದೆಂದೂ ಅವರೇ ಒಪ್ಪುತ್ತಾರೆ. ಆದರೂ ಮನೆಯಲ್ಲಿ ಪ್ರಯತ್ನಿಸುವವರಿಗೆ ಇದರಲ್ಲಿ ದಾರಿಯುಂಟು. 250 ಡಿಗ್ರಿಗೆ ಕಾಯಿಸಿದ ಇಟ್ಟಿಗೆಯು ಕಣಕದ ತಳವನ್ನು ಸುಮಾರು 155ಕ್ಕೆ ಏರಿಸೀತು. ದಪ್ಪನಾದ ಉಕ್ಕಿನ ತಟ್ಟೆಯಾದರೆ 225ಕ್ಕೆ. ಅಲ್ಲಿ ಹೆಂಚಿಗಿಂತ ಕಾವಲಿಯೇ ಮೇಲು! ತಟ್ಟೆಯನ್ನು ಮೊದಲೇ ಅರ್ಧ ಗಂಟೆಯಾದರೂ ಕಾಯಿಸಿಟ್ಟು, ಮೇಲಿನ ವಿಕಿರಣದ ಕೊರತೆಗೆ ಓವನ್ನಿನ ಮೇಲ್ತಂತಿಯನ್ನು ಪೂರ್ಣವಾಗಿ ಉರಿಸಬೇಕು. ಟೊಮೇಟೊ ರಸವನ್ನು ಮಿತವಾಗಿ ಸವರಿ, ಚೀಸಿನ ನೀರನ್ನು ಬಸಿದು ಹಾಕಬೇಕು; ಹೆಚ್ಚಾದ ಪ್ರತಿ ಗ್ರಾಂ ನೀರೂ ತನ್ನ 540 ಕ್ಯಾಲೊರಿಯ ಸುಂಕವನ್ನು ವಸೂಲು ಮಾಡದೆ ಬಿಡುವುದಿಲ್ಲ.