ಮುಕ್ತಿ ಸದನದ ದುಡಿಮೆ

ದೇವರ ಕರೆ ಪಾದ್ರಿಗಳಿಗಷ್ಟೇ ಸಲ್ಲುವುದಲ್ಲ ಎಂಬುದು ಕ್ರೈಸ್ತ ನಂಬಿಕೆ. ಯಾವ ಕೆಲಸವನ್ನೇ ಆಗಲಿ ದೇವರಿಗೆಂದೇ ಮಾಡಬೇಕೆಂದು ಸಂತ ಪೌಲನು ಕೊಲೊಸ್ಸೆಯ ಸಭೆಗೆ ಬರೆದ. ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಇದನ್ನು ಬಾಳಿ ತೋರಿದವರು ಪಂಡಿತಾ ರಮಾಬಾಯಿ. 1858ರಲ್ಲಿ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿದ ಈ ಸಂಸ್ಕೃತ ವಿದುಷಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು.

1896–97ರ ಬರಗಾಲದಲ್ಲಿ ಹಸಿದ ನೂರಾರು ಹೆಣ್ಣುಮಕ್ಕಳನ್ನು ಅವರು ಕರೆತಂದರು. ಅನ್ನ, ಆಸರೆ ಕೊಟ್ಟು ಸುಮ್ಮನಾಗಲಿಲ್ಲ. ಅದೇ ಅವರ ಹಿರಿಮೆ. ಕೇಡಗಾಂವ್‌ನಲ್ಲಿ ಅವರು ನಡೆಸಿದ ಮುಕ್ತಿ ಸದನವೆಂಬ ಆಶ್ರಮದಲ್ಲಿ ಪ್ರಾರ್ಥನೆಯ ಜೊತೆಗೇ ಓದು, ನೇಯ್ಗೆ, ಹೊಲಿಗೆ, ಬೇಸಾಯ ನಡೆದವು. ಕಣ್ಣಿಲ್ಲದವರು ಬ್ರೈಲ್ ಓದಿದರು, ಬುಟ್ಟಿ ಹೆಣೆದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಅದಕ್ಕೆ ಮೊಳೆ ಜೋಡಿಸಿ ಅಚ್ಚು ಹಾಕಿದವರು ಸದನದ ಹೆಣ್ಣುಮಕ್ಕಳೇ. 1922ರಲ್ಲಿ ತೀರಿಕೊಳ್ಳುವ ತನಕ ರಮಾಬಾಯಿ ಆ ಕೆಲಸದಲ್ಲೇ ಇದ್ದರು.