ಮೊಳಕೆಯಲ್ಲಿ ಬೆಳೆಯನ್ನು ಕಾಣಬಹುದೇ?

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ನೋಡಬೇಕೆಂದು ನಮ್ಮ ಹಿರಿಯರು ಹೇಳುವರು. ಮನೆಯ ಮಕ್ಕಳನ್ನು ಕಂಡು ಈ ಮಾತನ್ನಾಡದ ಗೃಹಸ್ಥರು ಅಪರೂಪ. ಒಬ್ಬನು ಜಾಣನಾಗುವನೆಂದೂ ಮತ್ತೊಬ್ಬನು ಕೈಲಾಗದವನೆಂದೂ ನಾವು ಎಷ್ಟು ಬೇಗನೆ ತೀರ್ಮಾನಿಸಿಬಿಡುವೆವು! ಆದರೆ ಈ ಗಾದೆಯನ್ನೇ ನಂಬಿ ವರ್ಷವರ್ಷವೂ ಅಪಾರ ದ್ರವ್ಯವನ್ನು ಪಣವಾಗಿ ಒಡ್ಡುವ ಜನರು ಉತ್ತರ ಅಮೆರಿಕದಲ್ಲಿರುವರು. ಅಲ್ಲಿಯ ವೃತ್ತಿಪರ ಹಾಕಿ ತಂಡಗಳನ್ನು ನಡೆಸುವವರೇ ಅವರು. ಅವರ ಅನುಭವವನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಇದು ಕೊಡಗಿನವರು ಕೀರ್ತಿ ಗಳಿಸಿದ ಮೈದಾನದ ಹಾಕಿಯಲ್ಲ. ಮಂಜುಗಡ್ಡೆಯ ಅಂಗಳದ ಮೇಲೆ, ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು ಜಾರುತ್ತ, ಪಕ್ಷಕ್ಕೆ ಆರು ಮಂದಿಯಂತೆ ಆಡುವ ಆಟವಿದು. ಇಲ್ಲಿ ಚೆಂಡಿಗೆ ಬದಲಾಗಿ ಪಕ್ ಎಂಬ ರಬ್ಬರಿನ ಬಿಲ್ಲೆಯಿರುವುದು. ಇದರ ಪ್ರಧಾನ ಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಸ್ಥಾಪಿತವಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಕೆನಡಾದಲ್ಲಿಯೂ ಸೇರಿ ಈಗ 32 ತಂಡಗಳು ಅದರಲ್ಲಿರುವುವು.

ಈ ತಂಡಗಳು ಹೊಸ ಆಟಗಾರರನ್ನು ತಮಗೆ ತೋಚಿದಂತೆ ಕರೆದುಕೊಳ್ಳುವಂತಿಲ್ಲ. ಡ್ರಾಫ್ಟ್ ಎಂಬ ಸರದಿಯ ಆಯ್ಕೆಯೊಂದು ವರ್ಷಕ್ಕೊಮ್ಮೆ ನಡೆಯುವುದು. ಹಿಂದಿನ ವರ್ಷ ಸೋತು ಹಿಂದುಳಿದ ತಂಡಗಳಿಗೆ ಮುಂಚಿನ ಸರದಿ, ಗೆದ್ದವರಿಗೆ ಕಡೆಯ ಸರದಿ. ಬೇಕೆಂದೇ ಸೋಲುವವರನ್ನು ತಡೆಯುವುದಕ್ಕಾಗಿ 1995ರಿಂದ ಮೊದಲ ಸ್ಥಾನಗಳಿಗೆ ಚೀಟಿಯೆತ್ತುವ ಪದ್ಧತಿಯೂ ಬಂದಿದೆ. 1963ರಲ್ಲಿ ಮಾಂಟ್ರಿಯಲ್ ನಗರದ ಹೋಟೆಲೊಂದರಲ್ಲಿ ನಡೆದ ಪ್ರಥಮ ಆಯ್ಕೆಯಲ್ಲಿ ಕೇವಲ 21 ಹುಡುಗರ ಹೆಸರುಗಳನ್ನು ಕೂಗಿದರು. ಈಗ ಏಳು ಸುತ್ತುಗಳಲ್ಲಿ 224 ಹೆಸರುಗಳವರೆಗೆ ಕೂಗುವರು. ಹೆಚ್ಚಿನವರು 18ರ ಆಸುಪಾಸಿನ ಹುಡುಗರು. ಯಾವ ತಂಡವು ಹೆಸರನ್ನು ಕೂಗುವುದೋ ಆ ತಂಡಕ್ಕೆ ಹುಡುಗನ ಮೇಲೆ ಹಕ್ಕು. ಹುಡುಗನಿಗೆ ತಂಡವನ್ನಾರಿಸುವ ಸ್ವಾತಂತ್ರ್ಯವಿಲ್ಲ.

ಆಯ್ಕೆಗೆ ಮುಂಚೆ ಪರೀಕ್ಷಕರು ಚಳಿಗಾಲವೆಲ್ಲ ಊರೂರು ತಿರುಗಿ ಹುಡುಗರ ಆಟವನ್ನು ನೋಡುವರು. ಜಾರುವ ವೇಗ, ಮೈಕಟ್ಟು, ಕೋಲಿನ ಕೈಚಳಕ, ಬಿಲ್ಲೆಯು ಮುಂದೆ ಎಲ್ಲಿಗೆ ಬರುವುದೆಂದು ಮೊದಲೇ ಊಹಿಸುವ ಬುದ್ಧಿ ಇವೆಲ್ಲವನ್ನೂ ಬರೆದಿಟ್ಟುಕೊಳ್ಳುವರು. ಮೈಯನ್ನು ಅಳೆಯಬಹುದು, ಓಟದ ಕಾಲವನ್ನು ಗಡಿಯಾರದಿಂದ ತಿಳಿಯಬಹುದು. ಆದರೆ 18ರ ಹುಡುಗನ ಮನಸ್ಸು 25ರಲ್ಲಿ ಹೇಗಿರುವುದೆಂದು ಅಳೆಯುವ ಕೋಲು ಎಲ್ಲಿದೆ?

ಗಾದೆಯು ಸುಳ್ಳೆಂದು ನಾವು ಹೇಳುವುದಿಲ್ಲ. 2005ರಲ್ಲಿ ಪ್ರಥಮನಾಗಿ ಆಯ್ಕೆಗೊಂಡ ಸಿಡ್ನಿ ಕ್ರಾಸ್ಬಿಯು ಪಿಟ್ಸ್‌ಬರ್ಗ್ ತಂಡಕ್ಕೆ 2009, 2016, 2017ರಲ್ಲಿ ಸ್ಟ್ಯಾನ್ಲಿ ಕಪ್ ಎಂಬ ಪರಮ ಪ್ರಶಸ್ತಿಯನ್ನು ತಂದುಕೊಡುವುದರಲ್ಲಿ ಮುಂದಾಳಾದನು. ಅಲ್ಲಿ ಮೊಳಕೆಯು ಹೇಳಿದ್ದು ನಿಜವಾಯಿತು.

ಆದರೆ 1993ರ ಕಥೆಯನ್ನು ನೋಡಿರಿ. ಆ ವರ್ಷ ಒಟ್ಟಾವ ತಂಡವು ಅಲೆಕ್ಸಾಂಡರ್ ಡೇಗಲ್ ಎಂಬ ತರುಣನನ್ನು ಎಲ್ಲರಿಗಿಂತ ಮೊದಲು ಆರಿಸಿ, ಐದು ವರ್ಷಗಳಿಗೆ 1 ಕೋಟಿ 22 ಲಕ್ಷ ಡಾಲರುಗಳಿಗೂ ಮಿಕ್ಕ ಸಂಬಳವನ್ನು ಒಪ್ಪಿಕೊಂಡಿತು. ಒಂದು ಪಂದ್ಯವನ್ನೂ ಆಡುವ ಮೊದಲೇ ಆತನನ್ನು ತಂಡದ ಉದ್ಧಾರಕನೆಂದು ಹೊಗಳಿದರು. ಅಷ್ಟೊಂದು ನಿರೀಕ್ಷೆಯ ಭಾರವನ್ನು ಆತನು ಹೊರಲಾರದೆ ಹೋದನು. ಇಪ್ಪತ್ತೈದರ ಹರೆಯದಲ್ಲಿ ಎರಡು ವರ್ಷ ಆಟವನ್ನೇ ಬಿಟ್ಟಿದ್ದನು. ಆತನ ಹಿಂದೆಯೇ ಎರಡನೆಯವನಾಗಿ ಆಯ್ಕೆಗೊಂಡ ಕ್ರಿಸ್ ಪ್ರಾಂಗರನು 2000ದಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹಾರ್ಟ್ ಪಾರಿತೋಷಕವನ್ನು ಪಡೆದನು.

ಇದಕ್ಕಿಂತಲೂ ಬೋಧಪ್ರದವಾದುದು ಡೆಟ್ರಾಯಿಟ್ ನಗರದ ರೆಡ್ ವಿಂಗ್ಸ್ ತಂಡದ ಚರಿತ್ರೆ. 1989ರಲ್ಲಿ ಆ ತಂಡವು ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಮನನ್ನು 53ನೆಯ ಸ್ಥಾನದಲ್ಲಿಯೂ ರಷ್ಯದ ಸೆರ್ಗೈ ಫೆಡೊರೊವನನ್ನು 74ನೆಯ ಸ್ಥಾನದಲ್ಲಿಯೂ ಆರಿಸಿತು. ಫೆಡೊರೊವನು ಅಷ್ಟು ಕೆಳಗಿಳಿದುದಕ್ಕೆ ಕಾರಣವಿತ್ತು: ಸೋವಿಯತ್ ಸರಕಾರವು ತನ್ನ ಆಟಗಾರರನ್ನು ಹೊರಗೆ ಬಿಡುವುದೆಂಬ ಭರವಸೆ ಯಾರಿಗೂ ಇರಲಿಲ್ಲ. ಆದರೆ ಲಿಡ್‌ಸ್ಟ್ರಮನ ವಿಷಯದಲ್ಲಿ ಅಂತಹ ಅಡ್ಡಿಯಿರಲಿಲ್ಲ. ಆತನಿಗಿಂತ ಮುಂಚೆ ಡೆಟ್ರಾಯಿಟ್ ತಂಡವೇ ಬೇರೆ ಇಬ್ಬರನ್ನು ಆರಿಸಿತ್ತು. ಆ ಇಬ್ಬರೂ ದೀರ್ಘಕಾಲ ಲೀಗಿನಲ್ಲಿ ಆಡಿದರು, ಅಯೋಗ್ಯರಲ್ಲ. ಆದರೆ ಲಿಡ್‌ಸ್ಟ್ರಮನು ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಪಾರಿತೋಷಕವನ್ನು ಏಳು ಬಾರಿ ಗೆದ್ದನು! ಆರಿಸಿದವರಿಗೇ ತಾವು ಆರಿಸಿದುದರ ಬೆಲೆ ಅಂದು ಪೂರ್ಣವಾಗಿ ತಿಳಿದಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಅದೇ ತಂಡವು 1998ರಲ್ಲಿ ಪಾವೆಲ್ ದಾತ್ಸ್ಯೂಕನನ್ನು 171ನೆಯವನಾಗಿಯೂ 1999ರಲ್ಲಿ ಹೆನ್ರಿಕ್ ಸೆಟರ್‌ಬರ್ಗನನ್ನು 210ನೆಯವನಾಗಿಯೂ ತೆಗೆದುಕೊಂಡಿತು. ಇವರನ್ನು ಮೊದಲು ಕಂಡು ಹೇಳಿದವರು ಸ್ವೀಡನ್ನಿನಲ್ಲಿದ್ದ ಪರೀಕ್ಷಕ ಹಾಕನ್ ಆಂಡರ್ಸನ್ನರು. ದಾತ್ಸ್ಯೂಕನ ಹೆಸರನ್ನು ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಒಂದು ತಂಡವೂ ಕೂಗಿರಲಿಲ್ಲ. ಆಯ್ಕೆಯಾದೊಡನೆ ತಂಡವು ಇಬ್ಬರನ್ನೂ ಅವಸರಪಟ್ಟು ಕರೆಸಿಕೊಳ್ಳಲಿಲ್ಲ. ಮೂರು ಮೂರು ವರ್ಷ ಅವರು ತಮ್ಮ ದೇಶದಲ್ಲಿಯೇ ಆಡಿ ಬಲಿತು, 2001ರಲ್ಲಿ ಒಬ್ಬನೂ 2002ರಲ್ಲಿ ಮತ್ತೊಬ್ಬನೂ ಡೆಟ್ರಾಯಿಟಿಗೆ ಬಂದರು. 2008ರಲ್ಲಿ ಲಿಡ್‌ಸ್ಟ್ರಮನ ನಾಯಕತ್ವದಲ್ಲಿ ತಂಡವು ಸ್ಟ್ಯಾನ್ಲಿ ಕಪ್ಪನ್ನು ಗೆದ್ದಾಗ ಅಂತಿಮ ಸ್ಪರ್ಧೆಗಳ ಅತ್ಯುತ್ತಮ ಆಟಗಾರನೆನಿಸಿದವನು ಆ 210ನೆಯವನೇ.

ಹಾಗಾದರೆ ಒಂದು ತಂಡದ ಎಳೆಯ ಆಟಗಾರರನ್ನು ನ್ಯಾಯವಾಗಿ ತೂಗುವ ಬಗೆ ಯಾವುದು? ಮೊದಲನೆಯದಾಗಿ, ಹುಡುಗನು ಎಷ್ಟು ಗೋಲು ಹೊಡೆದನೆಂಬುದರೊಡನೆ ಯಾರೆದುರು ಹೊಡೆದನೆಂಬುದನ್ನೂ ಕೇಳಬೇಕು. ಸಮವಯಸ್ಕರೆದುರು ಹೊಡೆದ ಹತ್ತು, ಪ್ರಾಯಸ್ಥರೆದುರು ಹೊಡೆದ ಹತ್ತು ಒಂದೇ ಅಲ್ಲ. ಎರಡನೆಯದಾಗಿ, ಹುಟ್ಟಿದ ತಿಂಗಳನ್ನು ನೋಡಬೇಕು. ಕೆನಡಾದಲ್ಲಿ ಬಾಲಕರ ತಂಡಗಳನ್ನು ಜನವರಿ 1ರ ಲೆಕ್ಕದಿಂದ ವಿಂಗಡಿಸುವುದರಿಂದ, ಡಿಸೆಂಬರಿನಲ್ಲಿ ಹುಟ್ಟಿದ ಬಾಲಕನು ತನಗಿಂತ ಹನ್ನೊಂದು ತಿಂಗಳು ಹಿರಿಯರಾದವರೊಡನೆ ಸೆಣಸಬೇಕಾಗುವುದು. ಅವನು ಚಿಕ್ಕವನಾಗಿ ಕಂಡರೆ ಅದು ದೋಷವಲ್ಲ. ಮೂರನೆಯದಾಗಿ, ಅವನ ಸ್ಥಾನವನ್ನು ಗಮನಿಸಬೇಕು. ಮುಂದೆ ನಿಂತು ಗೋಲು ಹೊಡೆಯುವವರು ಬೇಗ ಬಲಿಯುವರು, ರಕ್ಷಣೆಯವರು ನಿಧಾನವಾಗಿ, ಗೋಲ್‌ಕೀಪರನು ಎಲ್ಲರಿಗಿಂತ ತಡವಾಗಿ. ಕಡೆಯದಾಗಿ, ಅವನನ್ನು ಪಕ್ಕದವನೊಡನೆ ಹೋಲಿಸುವುದಕ್ಕಿಂತ ಕಳೆದ ವರ್ಷದ ಅವನೊಡನೆಯೇ ಹೋಲಿಸುವುದು ಮೇಲು. ಇಷ್ಟಕ್ಕೆಲ್ಲ ನಾಲ್ಕೈದು ವರ್ಷಗಳು ಬೇಕು. ಆದುದರಿಂದಲೇ ವಿವೇಕಿಗಳಾದ ತಂಡದವರು ಹುಡುಗರನ್ನು ಕೆಳಗಿನ ಲೀಗಿನಲ್ಲಿಟ್ಟು ಪಳಗಿಸುವರು. ಡೆಟ್ರಾಯಿಟಿನವರಿಗೆ ಅಂತಹ ಪಾಠಶಾಲೆಯು ಗ್ರಾಂಡ್ ರ‍್ಯಾಪಿಡ್ಸ್ ಎಂಬ ಊರಿನ ತಂಡ.

ಆಯ್ಕೆಯ ದಿನ ಹೆಸರು ಕೂಗಿಸಿಕೊಳ್ಳದೆ ಮನೆಗೆ ಮರಳುವ ಹುಡುಗನ ಸ್ಥಿತಿಯನ್ನು ತಾಯಿತಂದೆಗಳಾದವರು ಊಹಿಸಬಲ್ಲರು. ಪರೀಕ್ಷೆಯ ಫಲಿತಾಂಶದ ದಿನ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದೂ ಅದೇ ಅಲ್ಲವೇ? ಅಂಥವರು ಒಂದು ಸಂಗತಿಯನ್ನು ನೆನೆಯಲಿ. 2015ರಲ್ಲಿ ಹಾಕಿಯ ಕೀರ್ತಿಮಂದಿರದಲ್ಲಿ ಹೆಸರು ಬರೆಯಿಸಿಕೊಂಡವರಲ್ಲಿ ಮೂವರೆಂದರೆ ಪ್ರಾಂಗರ್, ಲಿಡ್‌ಸ್ಟ್ರಮ್, ಫೆಡೊರೊವ್. ಒಬ್ಬನು 2ನೆಯವನು, ಒಬ್ಬನು 53ನೆಯವನು, ಒಬ್ಬನು 74ನೆಯವನು. ಅಂದು ಮೂವರಿಗೂ ಸಂದ ಗೌರವವೊಂದೇ.

ಮೊಳಕೆಯನ್ನು ನೋಡುವುದು ತಪ್ಪಲ್ಲ. ನೋಡಿದೊಡನೆ ಮನಸೋತು ನೀರೆರೆಯುವುದನ್ನು ನಿಲ್ಲಿಸುವುದೇ ತಪ್ಪು.