ಇದ್ದೂ ಕೈಗೆಟುಕದ ಕಡತಗಳು

ಕೆಟ್ಟು ನಿಂತ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಹೊಸದಕ್ಕೆ ಜೋಡಿಸುವುದು, ಇಲ್ಲವೆ ಇದ್ದ ಕಂಪ್ಯೂಟರಿಗೇ ವಿಂಡೋಸನ್ನು ಹೊಸದಾಗಿ ಹಾಕಿಸುವುದು ಈಗ ಮನೆಮನೆಯ ಸಂಗತಿ. ಅದಾದ ಮೇಲೆ ಹಳೆಯ ಫೋಲ್ಡರನ್ನು ತೆರೆಯಹೋದರೆ, ಇದನ್ನು ನೋಡಲು ನಿಮಗೆ ಅನುಮತಿಯಿಲ್ಲ ಎಂಬ ಉತ್ತರ ಬರುವುದುಂಟು. ಮಗಳ ಮದುವೆಯ ಚಿತ್ರಗಳು, ಜಮೀನು ಪತ್ರಗಳ ನಕಲು, ತೀರಿಹೋದ ತಂದೆಯವರು ಬೆರಳಚ್ಚು ಮಾಡಿಟ್ಟ ಬರಹ, ಎಲ್ಲವೂ ಅದರೊಳಗಿವೆ. ಕಂಪ್ಯೂಟರು ನನ್ನದು, ಹೆಸರು ನನ್ನದು, ಕಡತ ನನ್ನದು. ನನಗೇ ಅನುಮತಿಯಿಲ್ಲವೆಂದರೇನು ಎಂದು ಸಿಟ್ಟು ಬರುವುದು ಸಹಜವೇ. ಆ ಸಿಟ್ಟಿನಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿಬಿಡುವವರಿದ್ದಾರೆ. ಕಳೆಯದೆ ಇದ್ದ ಕಡತ ಕಳೆಯುವುದು ಆಗ.

ಕಾರಣವನ್ನು ನೋಡೋಣ. ೧೯೯೩ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಎನ್‌ಟಿಎಫ್‌ಎಸ್ ಎಂಬ ಕಡತವ್ಯವಸ್ಥೆ ಬಂದಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ ಅದು ಮನೆಗಳಿಗೂ ಹಬ್ಬಿತು. ಇದರಲ್ಲಿ ಒಂದೊಂದು ಕಡತಕ್ಕೂ ಒಂದು ಪಟ್ಟಿ ಅಂಟಿಕೊಂಡಿರುತ್ತದೆ: ಒಡೆಯರು ಯಾರು, ಓದುವವರು ಯಾರು, ತಿದ್ದುವವರು ಯಾರು ಎಂದು. ಸ್ವಾರಸ್ಯವೆಂದರೆ ಆ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಬರಿಯ ಅಂಕೆಗಳಿರುತ್ತವೆ. ಖಾತೆಯೊಂದನ್ನು ತೆರೆದಾಗ ವಿಂಡೋಸು ಅದಕ್ಕೆ ಎಸ್-೧-೫-೨೧ ಎಂದು ಮೊದಲಾಗುವ ಉದ್ದನೆಯ ಸಂಖ್ಯೆಯೊಂದನ್ನು ಕೊಡುತ್ತದೆ. ನಾವು ತೆರೆಯ ಮೇಲೆ ಕಾಣುವ ರಾಮಣ್ಣ ಎಂಬುದು ಆ ಸಂಖ್ಯೆಗೆ ಹೊದಿಸಿದ ಹೆಸರಷ್ಟೆ. ವಿಂಡೋಸನ್ನು ಹೊಸದಾಗಿ ಹಾಕಿ ಮತ್ತೆ ರಾಮಣ್ಣನೆಂದೇ ಖಾತೆ ತೆರೆದರೂ ಸಂಖ್ಯೆ ಬೇರೆಯಾಗುತ್ತದೆ. ಪಡಿತರದ ಅಂಗಡಿಯಲ್ಲಿ ಮುಖಪರಿಚಯ ಎಷ್ಟೇ ಇದ್ದರೂ ನೋಡುವುದು ಚೀಟಿಯ ನಂಬರನ್ನೇ ಅಲ್ಲವೆ? ಇಲ್ಲಿಯೂ ಹಾಗೆಯೇ. ಹಳೆಯ ಪಟ್ಟಿಗೆ ಹೊಸ ರಾಮಣ್ಣ ಪರಕೀಯ. (ಜೇಬಿನ ಪೆನ್‌ಡ್ರೈವುಗಳಿಗೆ ಸಾಮಾನ್ಯವಾಗಿ ಇಂಥ ಪಟ್ಟಿಯೇ ಇಲ್ಲ, ಆದ್ದರಿಂದ ಅವು ಯಾರ ಕೈಯಲ್ಲಾದರೂ ತೆರೆಯುತ್ತವೆ.)

ಗಮನಿಸಬೇಕಾದುದು, ಕಡತದ ಒಳಗಿನ ಒಂದು ಅಕ್ಷರವೂ ಇದರಿಂದ ಬದಲಾಗಿಲ್ಲ. ತಡೆಯುತ್ತಿರುವುದು ಪಟ್ಟಿ ಓದುವ ಕಾವಲುಗಾರ ಮಾತ್ರ, ಮತ್ತು ಒಡೆತನವನ್ನು ಬದಲಿಸುವ ಅಧಿಕಾರ ಆಡ್ಮಿನಿಸ್ಟ್ರೇಟರ್ ಖಾತೆಗೆ ಉಂಟು. ಆ ಖಾತೆಯಿಂದ ಒಳಹೊಕ್ಕರೆ ಎಷ್ಟೋ ಸಲ 'ಕಂಟಿನ್ಯೂ' ಎಂಬ ಗುಂಡಿಯನ್ನು ಒತ್ತಿದರೇ ಸಾಕು. ಸಾಲದಿದ್ದರೆ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಎಂಬಲ್ಲಿಗೆ ಹೋಗಿ; 'ಓನರ್' ಎಂದಿರುವಲ್ಲಿ ನಿಮ್ಮ ಖಾತೆಯ ಹೆಸರನ್ನು ಕೊಟ್ಟು, ಒಳಗಿನ ಎಲ್ಲಕ್ಕೂ ಇದು ಅನ್ವಯಿಸಲಿ ಎಂಬ ಚೌಕಕ್ಕೆ ಗುರುತು ಹಾಕಿ. ಅನಂತರ ನಿಮ್ಮ ಹೆಸರಿಗೆ ಪೂರ್ಣ ಅನುಮತಿಯನ್ನು ಸೇರಿಸಿ. ಸಾವಿರಾರು ಕಡತಗಳಿದ್ದರೆ ಹೊತ್ತು ಹಿಡಿಯುತ್ತದೆ, ನಡುವೆ ಕರೆಂಟು ಹೋಗದಂತೆ ನೋಡಿಕೊಳ್ಳಿ. ಇದನ್ನು ನಿಮ್ಮ ಕಡತಗಳಿರುವ ಫೋಲ್ಡರಿಗೆ ಮಾತ್ರ ಮಾಡತಕ್ಕದ್ದು. ಇಡೀ ಸಿ ಡ್ರೈವಿನ ಒಡೆತನವನ್ನು ಬದಲಿಸಹೋದರೆ ವಿಂಡೋಸಿನ ನಡಿಗೆಯೇ ಕೆಡಬಹುದು.

ಇನ್ನು ನಿಜವಾದ ಬೀಗ. ೨೦೦೦ನೆಯ ಇಸವಿಯ ವಿಂಡೋಸಿನಿಂದ ಇಎಫ್‌ಎಸ್ ಎಂಬ ಗೂಢಲಿಪಿಯ ಸೌಕರ್ಯ ಬಂದಿದೆ. ಹೋಮ್ ಆವೃತ್ತಿಗಳಲ್ಲಿ ಇದಿಲ್ಲ. ಹೀಗೆ ಬೀಗ ಹಾಕಿದ ಕಡತದ ಒಳಗಿನ ಅಕ್ಷರಗಳೇ ಕಲಸಿಹೋಗಿರುತ್ತವೆ. ಒಡೆತನ ಬದಲಿಸಿ ಫಲವಿಲ್ಲ. ಇದರ ಕೀಲಿ ಇರುವುದು ಕಡತದ ಜೊತೆಯಲ್ಲಲ್ಲ, ಸಿ ಡ್ರೈವಿನ 'ಯೂಸರ್ಸ್' ಫೋಲ್ಡರಿನಲ್ಲಿ, ಹಳೆಯ ಖಾತೆಯ ಪಾಸ್‌ವರ್ಡಿನ ಕಾವಲಿನಲ್ಲಿ. ನಮ್ಮವರಲ್ಲಿ ಅನೇಕರು ಕಡತಗಳನ್ನು ಡಿ ಡ್ರೈವಿನಲ್ಲಿಟ್ಟು, ಸಿ ಮಾತ್ರ ಅಳಿಸಿದರೆ ಏನೂ ಹೋಗದು ಎಂದು ನೆಮ್ಮದಿಯಾಗಿರುತ್ತಾರೆ. ಹೋಗುವುದು ಕೀಲಿ. ಕಡತ ಡಿಯಲ್ಲಿ ಕ್ಷೇಮವಾಗಿ ಉಳಿಯುತ್ತದೆ, ಓದಲು ಮಾತ್ರ ಬಾರದು. ಕೀಲಿಯ ಪ್ರತಿಯನ್ನು, ಅಂದರೆ ಆ ಸರ್ಟಿಫಿಕೇಟನ್ನು, ಮೊದಲೇ ಬೇರೆಡೆ ತೆಗೆದಿಟ್ಟಿರದಿದ್ದರೆ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಮಾಡುವಂಥದು ಏನೂ ಇರುವುದಿಲ್ಲ.

ಬಿಟ್‌ಲಾಕರ್ ಎಂಬುದು ಇಡೀ ಡಿಸ್ಕಿಗೆ ಹಾಕುವ ಬೀಗ. ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿದೊಡನೆ ಅದು ೪೮ ಅಂಕೆಗಳ ಕೀಲಿಯನ್ನು ಕೇಳುತ್ತದೆ. ಈಚಿನ ಲ್ಯಾಪ್‌ಟಾಪುಗಳು ಅನೇಕ ವೇಳೆ ಒಡೆಯನಿಗೆ ತಿಳಿಯದಂತೆಯೇ ಈ ಬಗೆಯ ಬೀಗ ಹಾಕಿಕೊಂಡಿರುತ್ತವೆ. ಗಾಬರಿ ಬೇಡ, ಮೊದಲ ದಿನ ಯಂತ್ರವನ್ನು ಅಣಿಗೊಳಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಆ ಖಾತೆ ನಿಮ್ಮದಾಗಿರದೆ, ರಜೆಗೆ ಬಂದಾಗ ಹೊಂದಿಸಿಕೊಟ್ಟ ಮಗನದೋ ಸೊಸೆಯದೋ ಆಗಿರಬಹುದು. ಅವರನ್ನು ಕೇಳಿ. ಕೀಲಿಯಿಲ್ಲದೆಯೇ ತೆರೆದುಕೊಡುತ್ತೇನೆಂದು ಮುಂಗಡ ಕೇಳುವವರನ್ನು ನಂಬುವುದು ಬೇಡ.

ಒಂದು ಬೆಳಗ್ಗೆ ತೆರೆಯ ಮೇಲಿನದೆಲ್ಲ ಮಾಯವಾಗಿದ್ದರೆ ಅದು ಬೀಗವೂ ಅಲ್ಲ, ಕಳವೂ ಅಲ್ಲ. ನಿಮ್ಮ ಖಾತೆ ತೆರೆಯದೆ ವಿಂಡೋಸು ತಾತ್ಕಾಲಿಕ ಖಾತೆಯನ್ನು ಕೊಟ್ಟಿರಬಹುದು. ಹಳೆಯದೆಲ್ಲ 'ಯೂಸರ್ಸ್' ಫೋಲ್ಡರಿನಲ್ಲಿ ನಿಮ್ಮ ಹೆಸರಿನಡಿ ಇರುತ್ತದೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ ನೋಡಿ. ಅಲ್ಲಿಯವರೆಗೆ ಹೊಸದೇನನ್ನೂ ಉಳಿಸಬೇಡಿ, ಹೊರಬಂದೊಡನೆ ಅದು ಅಳಿದುಹೋಗುತ್ತದೆ. ಡಿಸ್ಕು ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮಾತ್ರ ಯಾವ ಪ್ರಯೋಗಕ್ಕೂ ಹೋಗದೆ ಕೂಡಲೆ ಆರಿಸಿ, ತಿಳಿದವರಿಗೆ ತೋರಿಸಿ.

ಅಂಗಡಿಯವರ ಕೈಗೆ ಕಂಪ್ಯೂಟರನ್ನು ಕೊಡುವ ಮೊದಲು 'ಯೂಸರ್ಸ್' ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಪ್ರತಿಮಾಡಿಕೊಳ್ಳಿ; ಇಎಫ್‌ಎಸ್ ಬಳಸಿದ್ದರೆ ಸರ್ಟಿಫಿಕೇಟನ್ನೂ ತೆಗೆದಿಡಿ. ೪೮ ಅಂಕೆಗಳ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇರಿಸಿ. ಅದೇ ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಬೇಡ.